ನಂಬಿಕೆ ಬೇರೆ, ಸರ್ಕಾರ ಬೇರೆ

ಮಾನ್ಯ ಸಂಪಾದಕರೇ,

ಇಸ್ಲಾಂ ಅಂದ ಕೂಡಲೇ ಇಸ್ಲಾಮಿಕ್ ರಾಷ್ಟ್ರದ ಮಾತು ಎತ್ತುವವರು ಈಗ ಜಾಸ್ತಿ. ಧರ್ಮದ ಪರ ಇರುವವರೂ ವಿರೋಧಿಗಳೂ ಇದರಲ್ಲಿ ಒಂದೇ. ಆದರೆ ನಮಾಜು ಮಾಡಲು, ರೋಜಾ ಹಿಡಿಯಲು ಯಾವ ಸರ್ಕಾರದ ಮೊಹರು ಬೇಕು?

1924ರಲ್ಲಿ ಟರ್ಕಿ ಖಲೀಫರ (ಪ್ರವಾದಿಯವರ ಉತ್ತರಾಧಿಕಾರಿಯಾಗಿ ಮುಸ್ಲಿಮರ ನಾಯಕರೆನಿಸಿದವರ) ಪಟ್ಟವನ್ನೇ ರದ್ದು ಮಾಡಿತು. ಮಸೀದಿಗಳೇನೂ ಖಾಲಿಯಾಗಲಿಲ್ಲ. ಮರುವರ್ಷವೇ ಈಜಿಪ್ಟಿನ ವಿದ್ವಾಂಸ ಅಲಿ ಅಬ್ದುಲ್ ರಾಜಿಕ್, ಖಿಲಾಫತ್, ಅಂದರೆ ಖಲೀಫರ ಆಳ್ವಿಕೆ, ಧರ್ಮದ ಭಾಗವೇ ಅಲ್ಲ ಎಂದು ವಾದಿಸಿದರು. ಅವರು ಕೈರೋದ ಹೆಸರಾಂತ ಇಸ್ಲಾಮಿಕ್ ವಿದ್ಯಾಪೀಠ ಅಲ್-ಅಜ್ಹರಿನಲ್ಲಿ ಓದಿದವರು, ಷರಿಯತ್ ನ್ಯಾಯಾಧೀಶರು. ಅಲ್-ಅಜ್ಹರಿನ ಹಿರಿಯರು ಅವರನ್ನು ಉಲೇಮಾ (ಧರ್ಮಪಂಡಿತರ) ಸಾಲಿನಿಂದಲೇ ಹೊರಹಾಕಿದರು. ಕೆಲಸವೂ ಹೋಯಿತು. ಪ್ರಶ್ನೆ ಮಾತ್ರ ಹೋಗಲಿಲ್ಲ ನೋಡಿ.

ಮದೀನದಲ್ಲಿ ಪ್ರವಾದಿಯವರು ಆಡಳಿತವನ್ನೂ ನಡೆಸಿದ್ದರಲ್ವಾ ಎನ್ನುವವರಿದ್ದಾರೆ. ನಿಜ, ಅದನ್ನು ಸುಮ್ನೆ ತಳ್ಳಿಹಾಕಲಾಗದು. ಆದರೆ ಪ್ರವಾದಿಯವರ ನಂತರ ರಾಜ್ಯ ಹೇಗಿರಬೇಕು ಎಂಬುದಕ್ಕೆ ಕುರ್‌ಆನ್‌ನಲ್ಲಿ ಸಿದ್ಧ ನಕ್ಷೆ ಇಲ್ಲ. ಮೊದಲ ಖಲೀಫರ ಆಯ್ಕೆಯಲ್ಲೇ ಜಗಳ ಹುಟ್ಟಿತ್ತು.

ಪಶ್ಚಿಮ ಆಫ್ರಿಕಾದ ಸೆನೆಗಲ್ ಉದಾಹರಣೆ ನನಗೆ ಬಹಳ ಇಷ್ಟ. ಅಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಜನ ಮುಸ್ಲಿಮರು. ಸಂವಿಧಾನ ಜಾತ್ಯತೀತ. ಮೊದಲ ಅಧ್ಯಕ್ಷ ಸೆಂಘೋರ್ ಕ್ಯಾಥೊಲಿಕ್, 1960ರಿಂದ 1980ರವರೆಗೆ ಆಳಿದರು. ಇತ್ತ ಪಾಕಿಸ್ತಾನ 1956ರಲ್ಲಿ ಇಸ್ಲಾಮಿಕ್ ಗಣರಾಜ್ಯವಾಯಿತು, 1971ರಲ್ಲಿ ಇಬ್ಭಾಗವಾಯಿತು. ಒಡೆದ ಎರಡೂ ಭಾಗಗಳಲ್ಲಿ ಹೆಚ್ಚಿನವರು ಮುಸ್ಲಿಮರೇ.

— ಓದುಗ