ತೂಕ ಒಂದೇ, ಕೂಲಿ ಮಾತ್ರ ಬೇರೆ

ಮಾನ್ಯ ಸಂಪಾದಕರೇ,

ಸಕಲೇಶಪುರದ ಹತ್ತಿರ ಕಾಫಿ ತೋಟವೊಂದರಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಆಗಿದ್ದೆ. ಅಸ್ಸಾಂನಿಂದ ಬಂದ ಹುಡುಗನೊಬ್ಬ ನಮ್ಮೂರ ಆಳುಗಳಷ್ಟೇ ಹಣ್ಣು ಕೊಯ್ದು ತೂಕಕ್ಕೆ ತರುತ್ತಿದ್ದ. ಬಟವಾಡೆ ದಿನ ಅವನ ಕೈಗೆ ಮಾತ್ರ ಕಡಿಮೆ. ರೈಲು ಚಾರ್ಜು, ಅಕ್ಕಿ, ಮುಂಗಡ ಅಂತ ಅವನನ್ನು ಕೆಲಸಕ್ಕೆ ಕರೆತಂದ ಏಜೆಂಟ್ ಮೊದಲೇ ಮುರಿದುಕೊಳ್ಳುತ್ತಿದ್ದ. ಊರಿನವರಿಗೆ ಪಕ್ಕದ ತೋಟದ ರೇಟು ಗೊತ್ತು, ಜಾಸ್ತಿ ಸಿಕ್ಕರೆ ಅಲ್ಲಿಗೆ ಹೋಗುತ್ತಾರೆ. ಇವನು ಎಲ್ಲಿಗೆ ಹೋಗಬೇಕು? ಭಾಷೆ ಬಾರದು, ಮಲಗುವ ಲೈನ್ ಮನೆಯೂ ಏಜೆಂಟ್ ಕೊಡಿಸಿದ್ದೇ ಅಲ್ವಾ. ಒಂದು ಸಲ ಚೀಟಿ ಹಿಡಿದು, ಕಲಿತ ಎರಡೇ ಮಾತಿನಲ್ಲಿ 'ಸಾರ್, ಇಷ್ಟೇನಾ?' ಎಂದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಒಂದೇ ಕೆಲಸಕ್ಕೆ ಒಂದೇ ಕೂಲಿ ಎಂದು ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ 1979ರಲ್ಲೇ ಹೇಳಿತ್ತು. ಈ ಕೊಯ್ಲಿಗಾದರೂ ಕಾರ್ಮಿಕ ಇಲಾಖೆಯವರು ಬಟವಾಡೆ ದಿನವೇ ತೋಟಕ್ಕೆ ಬಂದು, ಆಳುಗಳ ಕೈಲಿರುವ ದುಡ್ಡು ಎಣಿಸಿ ನೋಡಲಿ.

– ನಿವೃತ್ತ ರೈಟರ್, ಸಕಲೇಶಪುರ