ಇನ್ನೊಂದು ತುದಿಯಲ್ಲಿ ನಿಂತವನು

ಪ್ರೀತಿಯ ಗೆಳೆಯ,

ಕ್ರಿಕೆಟ್‌ನಲ್ಲಿ ನಿನಗೆ ಎಲ್ಲಕ್ಕಿಂತ ದೊಡ್ಡದು ಅನ್ನಿಸಿದ ಸಾಧನೆ ಯಾವುದು ಅಂತ ಕೇಳಿದ್ದೆಯಲ್ಲ, ಅವತ್ತು ಥಟ್ಟನೆ ಹೇಳಲು ಆಗಲಿಲ್ಲ. ಬ್ರಾಡ್ಮನ್‌ನ 99.94 ಸರಾಸರಿ, ಲಾರಾನ 400, ಮುರಳೀಧರನ್‌ನ 800 ವಿಕೆಟ್, ಇವೆಲ್ಲ ಯಾರು ಕೇಳಿದರೂ ತಾನಾಗಿಯೇ ಬಾಯಿಗೆ ಬರುತ್ತವೆ. ಆದರೆ ನನ್ನ ತಲೆಯಲ್ಲಿ ಕೂತಿರುವುದು ಒಂದು ರನ್ ಕಣೋ. ಇಂಗ್ಲೆಂಡ್‌ನ ಹನ್ನೊಂದನೇ ಆಟಗಾರ ಜಾಕ್ ಲೀಚ್ ಹೊಡೆದ ಒಂದೇ ಒಂದು ರನ್.

2019ರ ಆಗಸ್ಟ್, ಹೆಡಿಂಗ್ಲಿ, ಆಸ್ಟ್ರೇಲಿಯಾ ವಿರುದ್ಧದ ಆಶಸ್ ಟೆಸ್ಟ್. ಮೊದಲ ಇನಿಂಗ್ಸ್‌ನಲ್ಲಿ 67ಕ್ಕೆ ಆಲೌಟ್ ಆಗಿದ್ದ ಇಂಗ್ಲೆಂಡ್‌ಗೆ ಗೆಲ್ಲಲು 359 ಬೇಕಿತ್ತು. ಒಂಬತ್ತನೇ ವಿಕೆಟ್ ಬಿದ್ದಾಗ ಇನ್ನೂ 73 ರನ್ ಬಾಕಿ. ಆಮೇಲೆ ಬೆನ್ ಸ್ಟೋಕ್ಸ್ ಹೇಗೆ ಬಾರಿಸಿದ ಅಂತ ನಿನಗೆ ಗೊತ್ತೇ ಇದೆ. ನಾನು ಮಾತ್ರ ಲೀಚ್‌ನನ್ನೇ ನೋಡುತ್ತಿದ್ದೆ. ಕನ್ನಡಕ ತೆಗೆಯುತ್ತಾನೆ, ಒರೆಸುತ್ತಾನೆ, ಹಾಕಿಕೊಳ್ಳುತ್ತಾನೆ, ಮತ್ತೆ ಬ್ಯಾಟ್ ಹಿಡಿದು ನಿಲ್ಲುತ್ತಾನೆ. ಅವನ ಸರದಿ ಬಂದಾಗ ಸ್ಟೋಕ್ಸ್‌ಗೇ ನೋಡಲು ಧೈರ್ಯ ಸಾಲದೆ ಆ ಕಡೆ ತಲೆ ತಗ್ಗಿಸಿ ಕೂರುತ್ತಿದ್ದ. ಒಟ್ಟು 17 ಬಾಲ್ ಎದುರಿಸಿದ, ಹೊಡೆದದ್ದು ಒಂದು ರನ್, ಸ್ಕೋರ್ ಸಮ ಆಗಿದ್ದೂ ಅದೇ ರನ್ನಿನಿಂದ! ಮುಂದಿನ ಬಾಲ್‌ಗೇ ಸ್ಟೋಕ್ಸ್ ಫೋರ್ ಹೊಡೆದು ಗೆಲ್ಲಿಸಿದ. ಸ್ಟೋಕ್ಸ್ 135, ಲೀಚ್ 1, ಇಬ್ಬರೂ ನಾಟೌಟ್.

ಆ ಕೊನೆಯ ಬಾಲ್ ಹಾಕಿದವನು ಆಸ್ಟ್ರೇಲಿಯಾದ ವೇಗಿ ಪ್ಯಾಟ್ ಕಮಿನ್ಸ್. ನಾಲ್ಕು ವರ್ಷ ಕಳೆದ ಮೇಲೆ, 2023ರ ನವೆಂಬರ್ 7ರಂದು, ವಾಂಖೆಡೆಯಲ್ಲಿ ಅದೇ ಕಮಿನ್ಸ್ ಲೀಚ್‌ನ ಜಾಗದಲ್ಲಿ ನಿಂತಿದ್ದ. ವಿಶ್ವಕಪ್ ಪಂದ್ಯ, ಎದುರಾಳಿ ಅಫ್ಘಾನಿಸ್ತಾನ, ಗುರಿ 292, ಆಸ್ಟ್ರೇಲಿಯಾ 91ಕ್ಕೆ 7 ವಿಕೆಟ್. ಸ್ನಾಯುಸೆಳೆತದಿಂದ ಕಾಲೇ ಆಡದೆ ಮ್ಯಾಕ್ಸ್‌ವೆಲ್ ನಿಂತಲ್ಲೇ ನಿಂತು 201 ಹೊಡೆದನಲ್ಲ, ಅಷ್ಟು ಹೊತ್ತೂ ಕಮಿನ್ಸ್ 68 ಬಾಲ್ ಆಡಿ 12 ರನ್ ಮಾಡಿದ. ತಂಡದ ನಾಯಕ ಅವನೇ, ತಾನೂ ಒಂದೆರಡು ಬೀಸಿಬಿಡೋಣ ಅಂತ ಆಸೆ ಆಗಿರುವುದಿಲ್ವಾ? ಬೀಸಲಿಲ್ಲ. 202 ರನ್ ಜೊತೆಯಾಟದಲ್ಲಿ ಬರೀ 12. ನನಗೆ ಅದು ಶತಕಕ್ಕಿಂತ ಜಾಸ್ತಿ.

ಡರ್ಬನ್‌ನಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಕುಸಾಲ್ ಪೆರೇರಾ 153 ಹೊಡೆದು ಶ್ರೀಲಂಕಾವನ್ನು ಒಂದೇ ವಿಕೆಟ್‌ನಿಂದ ಗೆಲ್ಲಿಸಿದ್ದು ಕೂಡ 2019ರಲ್ಲೇ. ಕೊನೆಯ ಜೋಡಿ 78 ರನ್ ಸೇರಿಸಿತು, ಅದರಲ್ಲಿ ವಿಶ್ವ ಫರ್ನಾಂಡೋನದು 6. ಸ್ಟೇನ್, ರಬಾಡಾ ಎದುರು ಹನ್ನೊಂದನೇ ಆಟಗಾರ ಔಟಾಗದೆ ಉಳಿಯುವುದು ಅಂದರೆ ಸುಮ್ನೆ ಮಾತಲ್ಲ.

ಬೌಲಿಂಗ್‌ನಲ್ಲೂ ಇದೇ ಕಥೆ. 1999ರ ಫೆಬ್ರವರಿಯಲ್ಲಿ ದೆಹಲಿಯ ಕೋಟ್ಲಾದಲ್ಲಿ ಕುಂಬ್ಳೆ ಪಾಕಿಸ್ತಾನದ ಒಂಬತ್ತು ವಿಕೆಟ್ ತೆಗೆದಾಗಿತ್ತು. ಇನ್ನೊಂದು ಕಡೆಯಿಂದ ಶ್ರೀನಾಥ್ ಬೇಕಂತಲೇ ಸ್ಟಂಪ್‌ನಿಂದ ದೂರ, ಬ್ಯಾಟಿಗೆ ಸಿಗದ ಹಾಗೆ ಬಾಲ್ ಹಾಕಿದ. ವಿಕೆಟ್‌ಗೋಸ್ಕರವೇ ಅಷ್ಟು ದೂರದಿಂದ ಓಡಿ ಬರುವ ವೇಗಿ, ವಿಕೆಟ್ ಬೀಳದಿರಲಿ ಅಂತ ಬೌಲಿಂಗ್ ಮಾಡಿದ ಕಣೋ! ಮುಂದಿನ ಓವರಿನಲ್ಲಿ ವಾಸಿಂ ಅಕ್ರಮ್ ಔಟಾದ, 74 ರನ್‌ಗೆ ಹತ್ತೂ ವಿಕೆಟ್ ಕುಂಬ್ಳೆಯದಾಯಿತು.

ಕೊನೆಗೆ ನನಗೆ ಜಾಸ್ತಿ ಕಾಡುವ ಹೆಸರು ಇಂಗ್ಲೆಂಡ್‌ನ ಟೋನಿ ಲಾಕ್. 1956ರಲ್ಲಿ ಓಲ್ಡ್ ಟ್ರಾಫರ್ಡ್‌ನಲ್ಲಿ ಆಸ್ಟ್ರೇಲಿಯಾದ 20 ವಿಕೆಟ್‌ನಲ್ಲಿ 19 ಅವನದೇ ತಂಡದ ಜಿಮ್ ಲೇಕರ್‌ಗೆ ಸಿಕ್ಕವು. ಅದೇ ತಿರುಗುವ ಪಿಚ್, ಲಾಕ್ ಕೂಡ ಒಳ್ಳೆಯ ಸ್ಪಿನ್ನರ್, ಎರಡೂ ಇನಿಂಗ್ಸ್ ಸೇರಿ 69 ಓವರ್ ಹಾಕಿದ. ಸಿಕ್ಕಿದ್ದು ಒಂದು. ಒಬ್ಬನಿಗೆ ಎಲ್ಲ ಬೀಳುತ್ತಿರುವಾಗ, ತನ್ನ ಬಾಲ್‌ಗೆ ಏನೂ ಬೀಳದೆ, ಮತ್ತೆ ಮತ್ತೆ ಓಡಿ ಬಂದು ಹಾಕಿದ್ದಾನೆ. ಆ ಒಂದು ವಿಕೆಟ್ ಯಾರದ್ದು ಅಂತ ನಾನು ಸ್ಕೋರ್‌ಕಾರ್ಡ್ ತೆಗೆದು ನೋಡಿದೆ. ಜಿಮ್ ಬರ್ಕ್, 22 ರನ್, ಕ್ಯಾಚ್ ಹಿಡಿದದ್ದು ಕೌಡ್ರಿ.

ನಿನ್ನವನು,
ಗೆಳೆಯ