ಮಗಳಿಗೊಂದು ಪತ್ರ: ನಿನ್ನ ಕನ್ಸರ್ಟೋ ಕೇಳಿದೆ

ಪ್ರೀತಿಯ ಪುಟ್ಟಿ,

ಅಥೆನ್ಸಿನಿಂದ ನೀನು ಬರೆದು ಕಳಿಸಿದ ಕನ್ಸರ್ಟೋ, ಅದೇ ಆರ್ಕೆಸ್ಟ್ರಾ ಜೊತೆ ಪಿಟೀಲು ಮುಂದಾಗಿ ನುಡಿಯುವ ಕೃತಿ, ಮೂರು ಸಲ ಕೇಳಿದೆ. ಕಂಪ್ಯೂಟರ್ ನುಡಿಸಿದ್ದು ಅಂದೆಯಲ್ಲ, ಅದಕ್ಕೆ ಪಿಟೀಲಿನ ದನಿಯನ್ನು ಮಾಫಿ ಮಾಡಿದ್ದೇನೆ.

ಮೊದಲ ಭಾಗಕ್ಕೆ ಕೈ ತಾನಾಗೇ ತಾಳ ಹಾಕಿತು. ಗ್ರೀಸಿನ ಕಲಮತಿಯಾನೋಸ್ ಕುಣಿತದ ಏಳು ಎಣಿಕೆ, ಮೂರು-ಎರಡು-ಎರಡು. ನಮ್ಮ ಮಿಶ್ರಛಾಪು ತಾಳವೇ ಅಲ್ವಾ? ತಕಿಟ ತಕಧಿಮಿ. ಚಿಕ್ಕವಳಿದ್ದಾಗ ಕೊನೆಯ 'ಮಿ' ನುಂಗಿ ಆರಕ್ಕೇ ಮುಗಿಸುತ್ತಿದ್ದೆ. ಈಗ ಒಂದೂ ತಪ್ಪಿಲ್ಲ, ಆದರೆ ಎಣಿಸಿದ್ದು ಜಾಸ್ತಿ ಕೇಳಿಸುತ್ತದೆ. ಸುತ್ತಿಗೊಂದು ಡ್ರಮ್ ಪೆಟ್ಟು ಯಾಕೆ? ಕೈ ಕೈ ಹಿಡಿದು ಕುಣಿಯುವವರು ಏಳು ಎಣಿಸುತ್ತಾರಾ? ಒಂದು ಉದ್ದ, ಎರಡು ಗಿಡ್ಡ. ಅಷ್ಟೇ.

ನನ್ನ ಜಗಳ ಇರುವುದು ಎರಡನೇ ಭಾಗದ ಮೇಲೆ. ನೀನು ಬಳಸಿದ ಹಿಜಾಸ್ಕಿಯಾರ್ ಅನ್ನೋ ಗ್ರೀಕ್ ಸ್ವರಶ್ರೇಣಿಯ ಸ್ವರಗಳು ಮಾಯಾಮಾಳವಗೌಳದವೇ, ನಿನಗೆ ಸರಳೆ ವರಸೆ ಹೇಳಿಕೊಟ್ಟ ರಾಗ. ಪಿಟೀಲಿನ ಕೆಳಗೆ ಸ್ವರಕ್ಕೊಂದು ಕಾರ್ಡ್ (ಒಟ್ಟಿಗೇ ನುಡಿಯುವ ಸ್ವರಗಳ ಗುಂಪು) ತುಂಬಿದ್ದೀಯ. ರಿಷಭದಿಂದ ಗಾಂಧಾರಕ್ಕೆ ಹಾರುವ ಆ ದೊಡ್ಡ ಅಂತರ ಇದೆಯಲ್ಲ, ಅದು ಕಿವಿಗೆ ಸಿಗುವುದೇ ಇಲ್ಲ. ತಂಬೂರಿ ಹಾಕು ಅನ್ನುತ್ತಿಲ್ಲ, ಹೆದರಬೇಡ. ಅಲ್ಲಿನ ಚರ್ಚಿನ ಇಸೋನ್ ಬಗ್ಗೆ ನೀನೇ ಬರೆದಿದ್ದೆ: ಒಬ್ಬರು ಹಾಡುವಾಗ ಉಳಿದವರು ಕೆಳಗೆ ಒಂದೇ ಸ್ವರ ಹಿಡಿದು ನಿಲ್ಲುತ್ತಾರೆ, ಹಾಡು ನೆಲೆ ಬದಲಿಸಿದರೆ ಅದೂ ಜರುಗುತ್ತದೆ ಅಂತ. ನಮ್ಮ ಶ್ರುತಿಗೆ ಆ ಜರುಗುವುದು ಗೊತ್ತಿಲ್ಲ. ದೊಡ್ಡ ಪಿಟೀಲಿನಂಥ ಆ ಚೆಲ್ಲೋಗಳಿಗೆ ಇಸೋನ್ ಕೊಟ್ಟು, ಕಾರ್ಡೆಲ್ಲ ತೆಗೆದು ನೋಡು.

ಬುಜುಕಿ ಅನ್ನೋ ಗ್ರೀಕ್ ತಂತಿವಾದ್ಯದ ಹಾಡಿನ ಧಾಟಿ ಕನ್ಸರ್ಟೋಗೆ ಯಾಕೆ ಅಂತ ನಿನ್ನ ಮೇಷ್ಟ್ರು ಮೂಗು ಮುರಿದರಂತೆ. ಓದಿ ಸಿಟ್ಟು ಬಂತು. ಸುಮ್ನೆ ಗ್ರೀಸಿನ ಸಂಗೀತ ರಚನೆಕಾರ ಸ್ಕಾಲ್ಕೋಟಾಸ್ ಬಗ್ಗೆ ಹುಡುಕಿ ಓದಿದೆ. ಬರ್ಲಿನ್‌ನಲ್ಲಿ ಹೆಸರಾಂತ ರಚನೆಕಾರ ಶೋನ್‌ಬರ್ಗ್ ಹತ್ತಿರ ಕಲಿತವನು, ಅಥೆನ್ಸಿಗೆ ಮರಳಿ ಆರ್ಕೆಸ್ಟ್ರಾದ ಹಿಂದಿನ ಸಾಲಲ್ಲಿ ಪಿಟೀಲು ನುಡಿಸಿ ಹೊಟ್ಟೆ ಹೊರೆದ. 1944-45ರಲ್ಲಿ ಎರಡು ಪಿಟೀಲಿನ ಕನ್ಸರ್ಟೋ ಬರೆದಾಗ ನಡುಭಾಗಕ್ಕೆ ಆರಿಸಿಕೊಂಡಿದ್ದು ಬುಜುಕಿ ವಾದಕ ತ್ಸಿತ್ಸಾನಿಸ್‌ನ ಒಂದು ರೆಬೆಟಿಕೋ ಹಾಡು, ಅಂದರೆ ಬುಜುಕಿ ಜೊತೆ ಹಾಡುವ ಪೇಟೆ ಜನರ ಹಾಡು! 1949ರಲ್ಲಿ, 45ನೇ ವಯಸ್ಸಿಗೇ ಹೋಗಿಬಿಟ್ಟ. ಬರೆದದ್ದರಲ್ಲಿ ಬಹುಪಾಲು ಅವನು ಬದುಕಿದ್ದಾಗ ಯಾರೂ ನುಡಿಸಲೇ ಇಲ್ಲ. ನಿನಗೆ ಕಂಪ್ಯೂಟರಾದರೂ ಇದೆ.

ಇಸೋನ್ ಹಾಕಿದ್ದು ಎರಡೇ ನಿಮಿಷ ಆದರೂ ಸರಿ, ಭಾನುವಾರದೊಳಗೆ ಕಳಿಸು. ಸಂಜೆ ಪಾಠಕ್ಕೆ ಬರುವ ಮಕ್ಕಳಿಗೆ ಹಾಕಿ ಕೇಳಿಸುತ್ತೇನೆ. ಯಾವ ರಾಗ ಅಂತ ಯಾರು ಮೊದಲು ಹಿಡಿಯುತ್ತಾರೋ ನೋಡೋಣ.

ಇಂತಿ,
ಅಮ್ಮ